ಮಾಸ್ಕಿನ ಕಾಲಂ

ಕಳೆದ ವರ್ಷ ದರ್ಬೆಯ ಹೋಟೆಲೊಂದರಲ್ಲಿ ಕಾಫಿ ಕುಡಿಯುತ್ತಾ ನಾನೊಂದು ಸುಳ್ಳು ಬರೆದೆ. ಅಡಿಕೆ ತೋಟದ ನಡುವೆ ಹಾಕಿದ್ದ ರೊಬಸ್ಟಾ ಗಿಡಗಳು ಫಸಲು ಕೊಡತೊಡಗಿದ್ದವು. ಹಳದಿ ಎಲೆ ರೋಗ, ಎಲೆಚುಕ್ಕಿ ರೋಗಗಳಿಂದ ಕಂಗೆಟ್ಟ ಸುಳ್ಯ, ಪುತ್ತೂರಿನ ಕಡೆ ಈಗ ಇಂಥ ತೋಟಗಳು ಕಾಣಸಿಗುತ್ತವೆ. ಸುಸ್ಥಿರ ಕೃಷಿಯ ಪ್ರಮಾಣಪತ್ರವಿದ್ದರೆ ಕಿಲೋಗೆ ಸ್ವಲ್ಪ ಹೆಚ್ಚು ಸಿಗುತ್ತದೆಂದು ವ್ಯಾಪಾರಿಯೊಬ್ಬರು ಫಾರಂ ಕೊಟ್ಟಿದ್ದರು. ‘ಸಿಂಪಡಣೆ ಮಾಡುವ ಕೆಲಸಗಾರರು ಮಾಸ್ಕ್, ಕೈಗವಸು ಧರಿಸುತ್ತಾರೆಯೇ?’ ಎಂಬ ಕಾಲಮಿನಲ್ಲಿ ‘ಹೌದು’ ಎಂದೆ.

ನಮ್ಮಲ್ಲಿ ಮದ್ದು ಬಿಡುವವನು ಕಾಲಿಗೆ ತಳೆ ಹಾಕಿ ಅಡಿಕೆ ಮರದ ತುದಿಗೆ ಹತ್ತಿ, ಅಲ್ಲಿಂದಲೇ ಪಕ್ಕದ ಮರವನ್ನು ಎಳೆದುಕೊಂಡು ದಾಟುವವನು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಸಂಜೆ ಇಳಿಯುವಾಗ ಮುಖದ ಮೇಲೂ ನೀಲಿ ಚುಕ್ಕಿ. ಮಾಸ್ಕ್ ತಂದುಕೊಟ್ಟಿದ್ದೆ. “ಮೇಲೆ ಉಸಿರು ಕಟ್ಟುತ್ತದೆ ಅಣ್ಣ” ಎಂದು ಎರಡನೇ ದಿನವೇ ಪಂಪಿನ ಶೆಡ್ಡಿನಲ್ಲಿ ನೇತುಹಾಕಿದ. ಫಾರಮಿನ ಜೊತೆ ತರಬೇತಿ ಪಡೆದವರ ಪಟ್ಟಿಯೂ ಇತ್ತು. ತರಬೇತಿ ಆಗಿರಲಿಲ್ಲ. “ಇದರಲ್ಲಿ ಎಂತ ಉಂಟು?” ಎಂದು ಕೇಳಿದವನಿಗೆ “ಎಂತ ಇಲ್ಲ, ಕಾಫಿಯದ್ದು” ಎಂದೆ. ನಂಬಿ ಸಹಿ ಹಾಕಿದ.

ಯಾರಿಗೂ ನಷ್ಟವಾಗಲಿಲ್ಲವಲ್ಲ ಎಂದುಕೊಂಡೆ. ಯುರೋಪಿನಲ್ಲಿ ಕೂತು ಪ್ರಶ್ನೆ ಬರೆದವರು ಅಡಿಕೆ ಮರ ನೋಡಿಯೂ ಇರಲಿಕ್ಕಿಲ್ಲ ಎಂದು ನಕ್ಕೆ ಕೂಡ. ಆ ನಗು ಹೆಚ್ಚು ದಿನ ಉಳಿಯಲಿಲ್ಲ.

1860ರಲ್ಲಿ ಮುಲ್ತಾತುಲಿ ಎಂಬ ಕಾವ್ಯನಾಮದ ಡಚ್ ಲೇಖಕ, ಜಾವಾದ ರೈತರ ಶೋಷಣೆಯ ಬಗ್ಗೆ ‘ಮ್ಯಾಕ್ಸ್ ಹ್ಯಾವಲಾರ್’ ಎಂಬ ಕಾದಂಬರಿ ಬರೆದ. 1988ರಲ್ಲಿ ನೆದರ್ಲೆಂಡಿನಲ್ಲಿ ನ್ಯಾಯದ ವ್ಯಾಪಾರದ ಕಾಫಿಗೆಂದು ಒಂದು ಮುದ್ರೆ ತಂದಾಗ ಅದಕ್ಕೆ ಅದೇ ಹೆಸರಿಟ್ಟರು. ಕುಡಿಯುವವನು ಬೆಳೆದವನ ಬಗ್ಗೆ ಕೇಳಬೇಕೆಂಬ ಹಟವಂತೂ ಅದರಲ್ಲಿತ್ತು. ದರ್ಬೆಯ ಹೋಟೆಲಿನಲ್ಲಿ ನಾನು ಯಾವತ್ತೂ ಕೇಳಿದವನಲ್ಲ.

ಮದ್ದಿನ ಪ್ರಶ್ನೆ ನಮ್ಮವರಿಗೆ ದೂರದ್ದೂ ಅಲ್ಲ. ಗಡಿ ದಾಟಿದರೆ ಕಾಸರಗೋಡಿನ ಪಡ್ರೆ. ಅಲ್ಲಿಯ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಈಚೆ ಕೊಕ್ಕಡದ ಕಡೆಯೂ ಸುರಿದರು. ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರಲ್ಲಿ. ಹಾಸಿಗೆ ಬಿಟ್ಟೇಳದ ಮಕ್ಕಳನ್ನು ನೋಡಿಕೊಳ್ಳುತ್ತಲೇ ಮುದುಕಿಯರಾದ ತಾಯಂದಿರು ಈ ಊರುಗಳಲ್ಲಿದ್ದಾರೆ. ಮೈಲುತುತ್ತು ಎಂಡೋಸಲ್ಫಾನ್ ಅಲ್ಲ, ನಿಜ. ಆದರೆ ಮದ್ದು ಯಾರ ಮೈಮೇಲೆ ಬೀಳುತ್ತದೆ ಎಂದು ಸಮಯಕ್ಕೆ ಸರಿಯಾಗಿ ಯಾರಾದರೂ ಕೇಳಬೇಕಿತ್ತು ಎಂದು ಸಭೆಗಳಲ್ಲಿ ಮಾತಾಡಿದವನು ನಾನೇ. ಕೇಳಿದಾಗ ಉತ್ತರವನ್ನು ತಿರುಚಿದವನೂ ನಾನೇ.

ಐರೋಪ್ಯ ಒಕ್ಕೂಟದ 2023ರ ಕಾನೂನು ಕಾಫಿ, ಕೊಕ್ಕೊ, ರಬ್ಬರ್ ಬೆಳೆದ ಜಾಗದ ಗುರುತನ್ನೇ ಕೇಳುತ್ತದೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದಿರಬಾರದೆಂದು. ಮರ ಇದೆಯೋ ಇಲ್ಲವೋ ಎಂದು ಉಪಗ್ರಹ ನೋಡೀತು. ಮರದ ಮೇಲಿನವನ ಮುಖಕ್ಕೆ ನನ್ನ ಮಾತೇ ಸಾಕ್ಷಿ.

‘ಇಲ್ಲ’ ಎಂದು ಬರೆದಿದ್ದರೆ ಏನಾಗುತ್ತಿತ್ತು? ಸರಿಪಡಿಸುವುದು ಹೇಗೆಂದು ಯೋಚಿಸಬೇಕಾಗುತ್ತಿತ್ತು. ದಾರಿ ಇಲ್ಲದಿಲ್ಲ: ನೆಲದಲ್ಲೇ ನಿಂತು ಮದ್ದು ಬಿಡುವ ಕಾರ್ಬನ್ ಫೈಬರ್ ದೋಟಿ ಬಂದಿದೆ, ಕ್ಯಾಂಪ್ಕೊದವರು ತರಬೇತಿಯನ್ನೂ ಕೊಟ್ಟಿದ್ದಾರೆ. ಬೆಲೆ ಹೆಚ್ಚೆಂದು ನಾನೇ ಮುಂದೂಡುತ್ತಿದ್ದೆ.

ಈ ವರ್ಷ ಫಾರಂ ಮತ್ತೆ ಬಂತು. ಈ ಸಲ ಅವನೆದುರು ಪೂರ್ತಿ ಓದಿದೆ, ಕಳೆದ ವರ್ಷದ ಸಹಿ ಯಾವುದಕ್ಕೆಂದೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: “ದೋಟಿ ತನ್ನಿ ಅಣ್ಣ, ನಾನೇ ಕಲಿಯುತ್ತೇನೆ. ಆದರೆ ಸಂಬಳ ಮರ ಹತ್ತುವವರದ್ದೇ ಕೊಡಬೇಕು.”

ಲೆಕ್ಕ ಹಾಕಿ ಹೇಳುತ್ತೇನೆ ಎಂದಿದ್ದೇನೆ.