ವ್ಯಸನದಿಂದ ಬಿಡುಗಡೆ : ಮೊದಲ ಮೆಟ್ಟಿಲುಗಳು



ಷಟ್‌ಸ್ಥಲಗಳಲ್ಲಿ ಭಕ್ತಸ್ಥಲವು ಮೊದಲನೆಯದು, ಐಕ್ಯಸ್ಥಲವು ಕಡೆಯದು. ನೆಲದಲ್ಲಿ ನಿಂತವನನ್ನು ಒಮ್ಮೆಗೇ ಶಿಖರಕ್ಕೆ ನೆಗೆಯೆಂದು ಶರಣರು ವಿಧಿಸಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಏರುವ ಕ್ರಮವನ್ನು ತೋರಿಸಿಕೊಟ್ಟರು. ಮದ್ಯ, ಅಫೀಮು, ಗಾಂಜಾ, ನಿದ್ರೆಯ ಗುಳಿಗೆ ಮುಂತಾದವುಗಳ ಸೆರೆಗೆ ಸಿಕ್ಕವನ ಬಿಡುಗಡೆಗೂ ಇದೇ ಕ್ರಮವು ಸಲ್ಲುವುದು. ಆದರೆ ನಾವು ಗೃಹಸ್ಥರು ಮಾಡುವುದೇನು? "ಇಂದೇ ಆಣೆಯಿಡು, ನಾಳೆಯೇ ಬಿಡು" ಎಂದು ಗದರಿಸುತ್ತೇವೆ. ಅವನು ಆಣೆಯಿಡುತ್ತಾನೆ, ಮೂರನೆಯ ದಿನ ಅದು ಮುರಿಯುತ್ತದೆ. ಆಗ ವ್ಯಸನದ ಜೊತೆಗೆ ಆಣೆ ಮುರಿದ ಪಾಪಭೀತಿಯೂ ಸೇರಿ, ಅವನು ಮತ್ತಷ್ಟು ಕತ್ತಲೆಗೆ ಸರಿಯುತ್ತಾನೆ.

ವ್ಯಸನವು ಕೇವಲ ಗುಣದೋಷವಲ್ಲ. ಮಾದಕ ವಸ್ತುವನ್ನು ಪುನಃ ಪುನಃ ಸೇವಿಸುತ್ತಿರುವಾಗ ಮಿದುಳಿನಲ್ಲಿ ಸುಖವನ್ನರಿಯುವ ಶಕ್ತಿಯೂ ಆಸೆಯನ್ನು ತಡೆಯುವ ಶಕ್ತಿಯೂ ವಿಕಾರ ಹೊಂದುತ್ತವೆ. ನಿನ್ನೆಯ ಪ್ರಮಾಣ ಇಂದಿಗೆ ಸಾಲದು. ಇಲ್ಲದಿದ್ದರೆ ದೇಹವು ತಳಮಳಿಸುವುದು. ಆದುದರಿಂದಲೇ ವೈದ್ಯಶಾಸ್ತ್ರವು ಇದನ್ನು ರೋಗವೆಂದು ಗಣಿಸಿದೆ. ಜ್ವರ ಬಂದವನನ್ನು ಜರೆದು ಜ್ವರವನ್ನಿಳಿಸಿದವರುಂಟೆ?

ಮೊದಲನೆಯ ಮೆಟ್ಟಿಲು ನಿಜವನ್ನು ನುಡಿಯುವುದು. ಊರಿಗೆಲ್ಲ ಸಾರಬೇಕಾಗಿಲ್ಲ, ನಂಬಿಕೆಯುಳ್ಳ ಒಬ್ಬರೊಡನೆ, "ಇದು ನನ್ನ ಕೈಮೀರಿದೆ" ಎಂದರೆ ಸಾಕು. ಎಷ್ಟು, ಎಂದಿನಿಂದ, ಯಾವ ಹೊತ್ತಿನಲ್ಲಿ ಎಂಬುದನ್ನು ಮರೆಮಾಚದೆ ಹೇಳುವುದೇ ಅಂತರಂಗಶುದ್ಧಿಯ ಆರಂಭ. ಆದರೆ ನುಡಿಯುವವನಿಗೆ ಧೈರ್ಯವಿರಬೇಕಾದಂತೆ ಕೇಳುವವರಿಗೆ ತಾಳ್ಮೆಯಿರಬೇಕು. 12ನೆಯ ಶತಮಾನದ ಶರಣ ಹೆಂಡದ ಮಾರಯ್ಯನನ್ನು ನೆನೆಯಿರಿ. ಹೆಂಡ ಮಾರುವ ವೃತ್ತಿಯಿಂದ ಬಂದ ಆತನು 'ಧರ್ಮೇಶ್ವರಲಿಂಗ' ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದನು. ಕುಡಿಯಲು ಬಂದವರಿಗೇ ಆತನು ಬೋಧೆ ಮಾಡಿದನೆಂಬುದು ಐತಿಹ್ಯ. ಶರಣಸಂಕುಲವು ಅಂಥವನಿಗೆ ಬಾಗಿಲು ಮುಚ್ಚಲಿಲ್ಲ. ನಮ್ಮ ಮನೆಯ ಬಾಗಿಲು ಮಗನಿಗೆ ಮುಚ್ಚಬಹುದೆ?

ಎರಡನೆಯ ಮೆಟ್ಟಿಲು ವೈದ್ಯನ ಬಳಿಗೆ ಹೋಗುವುದು. ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ಬಹುಕಾಲ ಪ್ರತಿದಿನವೂ ಹೆಚ್ಚಾಗಿ ಕುಡಿದವನು ಹಠಾತ್ತನೆ ನಿಲ್ಲಿಸಿದರೆ, ಒಂದು ದಿನದೊಳಗೆ ಕೈನಡುಕ, ಬೆವರು, ನಿದ್ರಾಹೀನತೆ ತೋರುವುವು. 2 ದಿನಗಳೊಳಗೆ ಫಿಟ್ಸ್ ಬರಬಹುದು. 2ರಿಂದ 4 ದಿನಗಳಲ್ಲಿ ಸನ್ನಿ ಹಿಡಿದು ಪ್ರಾಣಕ್ಕೇ ಅಪಾಯವಾಗಬಹುದು. ನಿದ್ರೆಯ ಗುಳಿಗೆಗಳನ್ನು ಥಟ್ಟನೆ ಬಿಡುವುದರಲ್ಲಿಯೂ ಇಂಥ ಅಪಾಯವುಂಟು. ಅಫೀಮು, ಹೆರಾಯಿನ್‌ಗಳ ಸಂಗತಿ ಬೇರೆ: ಕೆಲವು ಕಾಲ ಬಿಟ್ಟಿದ್ದು ಮರಳಿ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ, ಸಹಿಸುವ ಶಕ್ತಿ ಕುಗ್ಗಿದ ದೇಹದಲ್ಲಿ ಉಸಿರೇ ನಿಲ್ಲಬಹುದು. ಆದಕಾರಣ ಗದ್ದುಗೆಯ ಮುಂದೆ ಕೈಗೊಂಡ ಸಂಕಲ್ಪವೂ ಆಸ್ಪತ್ರೆಯ ಔಷಧವೂ ಒಂದಕ್ಕೊಂದು ವಿರೋಧವಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಧಾರವಾಡದ ಡಿಮ್ಹಾನ್ಸ್‌ನಲ್ಲಿ, ಜಿಲ್ಲಾ ಆಸ್ಪತ್ರೆಗಳ ಮನೋರೋಗ ವಿಭಾಗಗಳಲ್ಲಿ ಚಿಕಿತ್ಸೆಯುಂಟು. ಹೋಗಲು ನಾಚುವವರು 14446 ಎಂಬ ಉಚಿತ ದೂರವಾಣಿಗೆ ಕರೆಮಾಡಿ ವಿಚಾರಿಸಬಹುದು.

ಇಲ್ಲಿ ಮನೆಯವರಿಗೊಂದು ಎಚ್ಚರಿಕೆ. ಕುಡಿತ ಬಿಡಿಸುವ ಮಾತ್ರೆಯೆಂದು ಡೈಸಲ್ಫಿರಾಮ್ ಎಂಬ ಔಷಧವನ್ನು ಗುಟ್ಟಾಗಿ ಸಾರಿನಲ್ಲೋ ಚಹದಲ್ಲೋ ಬೆರೆಸುವವರುಂಟು. ಅರಿಯದೆ ಅದನ್ನುಂಡವನು ಮದ್ಯ ಸೇವಿಸಿದರೆ ವಾಂತಿ, ಎದೆಬಡಿತ, ರಕ್ತದೊತ್ತಡದ ಕುಸಿತಗಳುಂಟಾಗಿ ಸಾಯಲೂಬಹುದು. ವೈದ್ಯನ ಪರೀಕ್ಷೆಯೂ ರೋಗಿಯ ಸಮ್ಮತಿಯೂ ಇಲ್ಲದೆ ಅದನ್ನು ಕೊಡಲೇಬಾರದು. ಕಪಟದಿಂದ ಸತ್ಯಶುದ್ಧಿಯು ಹುಟ್ಟದು.

ಮೂರನೆಯ ಮೆಟ್ಟಿಲು ಸಂಗವನ್ನು ಬದಲಿಸುವುದು. ಅಂಗಡಿಯ ದಾರಿ, ಸಂಜೆಯ ಗೆಳೆಯರು, ಕೈಯಲ್ಲುಳಿದ ಹಣ, ಕೆಲಸವಿಲ್ಲದ ಹೊತ್ತು, ಇವೇ ಆಸೆಯನ್ನು ಕೆರಳಿಸುವುವು. ಆ ಹೊತ್ತಿಗೆ ಕಾಯಕವನ್ನು ಕೊಡಿರಿ, ಜೊತೆಗೊಬ್ಬರಿರಿ, ಮನೆಯಲ್ಲಿ ಎಲ್ಲರೂ ಕೂಡಿ ಉಣ್ಣಿರಿ. ಕೆರಳಿದ ಆಸೆಯೂ ಅಲೆಯಂತೆ ಏರಿ ಇಳಿಯುವುದು. ಇಳಿಯುವವರೆಗೆ ಕಾಯುವುದೇ ಅಂದಿನ ವ್ರತ. ಎಡವಿದರೆ ಎಲ್ಲವೂ ಹೋಯಿತೆನ್ನಬೇಡಿರಿ. ಎಡವಿದ ಕಾಲು ಮತ್ತೆ ಅದೇ ಮೆಟ್ಟಿಲಿನಿಂದ ಏರಬೇಕು. ಚಿಕಿತ್ಸೆಯನ್ನು ಬಿಡದೆ ಮುಂದುವರಿಸಬೇಕು.

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಅವರು ಬೇಡಿದ್ದು ಧಾನ್ಯವನ್ನಲ್ಲ, ಧನವನ್ನಲ್ಲ, ಜನರ ದುಶ್ಚಟಗಳನ್ನು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ನಮ್ಮ ನಾಡಿನಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲ್ಪಡುತ್ತಿದೆ. ಬಿದ್ದವನು ಮಠಕ್ಕೆ ಬರಲೆಂದು ಅವರು ಕಾಯಲಿಲ್ಲ. ತಾವೇ ಅವನ ಬಾಗಿಲಿಗೆ ನಡೆದು, ಭಿಕ್ಷುಕರಂತೆ ಕೈಯೊಡ್ಡಿದರು. ಭಿಕ್ಷೆ ಹಾಕುವವನು ಹೀನನಲ್ಲ, ದಾನಿ. ವ್ಯಸನಿಗೂ ಆ ಮರ್ಯಾದೆಯನ್ನು ಕೊಟ್ಟುದೇ ಆ ಜೋಳಿಗೆಯ ಹಿರಿಮೆ.

ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಅಂಥವನೊಬ್ಬನಿದ್ದರೆ, ಈ ವಾರದಲ್ಲಿಯೇ ಅವನ ಪಕ್ಕದಲ್ಲಿ ಕುಳಿತು, "ಬಾ, ಆಸ್ಪತ್ರೆಗೆ ನಾನೂ ಬರುವೆನು" ಎನ್ನಿರಿ. ಅದೇ ನೀವು ಮಾಡುವ ದಾಸೋಹ. ಶರಣರ ಕರುಣೆಯು ಇಬ್ಬರನ್ನೂ ಮುನ್ನಡೆಸಲಿ.