ವೇಗ ಕೊಟ್ಟವನ ಹೊಣೆ

ಯುವಕನೊಬ್ಬ ಹಳೆಯ ರಾಜದೂತ್ 350 ಬೈಕನ್ನು ಗ್ಯಾರೇಜಿಗೆ ತಳ್ಳಿಕೊಂಡು ಬಂದು, "ಭಾಯ್, ಇಂಜಿನ್ ಬಿಚ್ಚಿ ಪೂರ್ತಿ ಕೆಲಸ ಮಾಡಿಕೊಡಿ, ಹಾಗೇ ಸ್ವಲ್ಪ ಪವರ್ ಜಾಸ್ತಿ ಮಾಡಿ" ಎನ್ನುತ್ತಾನೆ ಎಂದಿಟ್ಟುಕೊಳ್ಳಿ. ಗಾಡಿ ಅವನದು, ದುಡ್ಡು ಅವನದು, ಓಡಿಸುವವನೂ ಅವನೇ. ಕೇಳಿದ್ದನ್ನು ಅಚ್ಚುಕಟ್ಟಾಗಿ ಮಾಡಿಕೊಟ್ಟರೆ ಮೆಕ್ಯಾನಿಕ್‌ನ ಹೊಣೆ ಮುಗಿಯಿತೇ?

ಕಂಪೆನಿ ಮಾಡಿದ್ದನ್ನು ಬದಲಾಯಿಸುವುದೇ ತಪ್ಪು ಎನ್ನುವವರಿದ್ದಾರೆ. ಈ ಬೈಕಿನ ವಿಷಯದಲ್ಲಿ ಆ ವಾದ ನಿಲ್ಲುವುದಿಲ್ಲ. ಯಮಹಾ ಆರ್‌ಡಿ 350ಯನ್ನು 1983ರಲ್ಲಿ ಎಸ್ಕಾರ್ಟ್ಸ್ ಭಾರತದಲ್ಲಿ ತಯಾರಿಸತೊಡಗಿದಾಗ ಅದನ್ನು ಮೊದಲು ಬದಲಾಯಿಸಿದ್ದು ಕಂಪೆನಿಯೇ. ಸುಮಾರು 39 ಅಶ್ವಶಕ್ತಿಯಿದ್ದ 347 ಸಿಸಿ ಇಂಜಿನ್ ಇಲ್ಲಿ 30.5ಕ್ಕೆ ಇಳಿಯಿತು. ಪೆಟ್ರೋಲ್ ಖರ್ಚಿಗೆ ಅಂಜುವವರಿಗಾಗಿ ಬಂದ ಮತ್ತೊಂದು ಮಾದರಿಯಲ್ಲಿ 27ಕ್ಕೆ. ಮುಂಚಕ್ರದ ಡಿಸ್ಕ್ ಬ್ರೇಕ್ ಹೋಗಿ ಡ್ರಮ್ ಬಂತು. ಆದ್ದರಿಂದ ಕಳೆದುಹೋದ ಶಕ್ತಿಯನ್ನು ಮರಳಿ ಕೇಳುವ ಯುವಕ ಮೂರ್ಖನೇನಲ್ಲ. ಆದರೆ ಅದರೊಂದಿಗೇ ಕಳೆದುಹೋದ ಬ್ರೇಕನ್ನು ಅವನು ಕೇಳುತ್ತಿಲ್ಲ.

ಟೂ-ಸ್ಟ್ರೋಕ್ ಇಂಜಿನ್ ಉಸಿರಾಡುವುದು ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳ ಮೂಲಕ. ಹೊಗೆ ಹೋಗುವ ಕಿಂಡಿಯನ್ನು ಒಂದು ಮಿಲಿಮೀಟರ್ ಮೇಲಕ್ಕೆ ಉಜ್ಜಿ, ಅದಕ್ಕೊಪ್ಪುವ ಹೊಟ್ಟೆ ಉಬ್ಬಿದ ಸೈಲೆನ್ಸರ್ ಹಾಕಿದರೆ ಇಂಜಿನ್ನಿನ ಸ್ವಭಾವವೇ ಬೇರೆಯಾಗುತ್ತದೆ. ನಿಧಾನಕ್ಕೆ ಹೋಗುವಾಗ ಸೊರಗುತ್ತದೆ, ಮೇಲಿನ ವೇಗದಲ್ಲಿ ಒಮ್ಮೆಲೇ ಚಿಮ್ಮುತ್ತದೆ. ಉಜ್ಜಿದ ಲೋಹ ಮರಳಿ ಬರುವುದಿಲ್ಲ. ಇದು ದೊಡ್ಡ ವಿದ್ಯೆ. ಶಾಲೆ ಅರ್ಧಕ್ಕೆ ಬಿಟ್ಟ ಎಷ್ಟೋ ಹುಡುಗರು ಇದನ್ನು ಕೈಯಿಂದಲೇ ಕಲಿತಿದ್ದಾರೆ.

ಗಿರಾಕಿಗೆ ಗೊತ್ತಾಗುವುದು ಸೈಲೆನ್ಸರಿನ ಸದ್ದು ಮಾತ್ರ. ಕ್ರ್ಯಾಂಕಿನ ಆಯಿಲ್ ಸೀಲ್ ಹಳೆಯದೇ ಉಳಿದರೂ ಅವನಿಗೆ ಕಾಣದು. ಅಲ್ಲಿಂದ ಹೊರಗಿನ ಗಾಳಿ ನುಸುಳಿದರೆ ಮಿಶ್ರಣದಲ್ಲಿ ಪೆಟ್ರೋಲ್ ಪಾಲು ಕಡಿಮೆಯಾಗಿ, ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಓಡುತ್ತಿರುವಾಗ ಹಾಗಾದರೆ ಹಿಂಚಕ್ರ ಬಿಗಿದು ನಿಲ್ಲುತ್ತದೆ. ಕ್ಲಚ್ ಹಿಡಿಯಲು ಸಿಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಎಲ್ಲ ಸೀಲುಗಳನ್ನೂ ಸರಿಯಾಗಿ ಬದಲಾಯಿಸಬೇಕಾದರೆ ಇಂಜಿನ್ ಕೇಸನ್ನೇ ಎರಡು ಹೋಳು ಮಾಡಬೇಕು. ಕೆಲಸ ಬಲ್ಲವರು ಕೊನೆಗೆ ಬಾಯಿಗಳನ್ನೆಲ್ಲ ಮುಚ್ಚಿ, ಒಳಗೆ ಸ್ವಲ್ಪ ಗಾಳಿ ತುಂಬಿ, ಸೋರುತ್ತದೆಯೇ ಎಂದು ಕಾದು ನೋಡುತ್ತಾರೆ. ಈ ಕಾಯುವಿಕೆಗೆ ಯಾರೂ ಕಾಸು ಕೊಡುವುದಿಲ್ಲ.

ಕಾನೂನೇನೋ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮೂಲರೂಪವನ್ನು ಮನಬಂದಂತೆ ಬದಲಾಯಿಸುವುದನ್ನು ತಡೆಯುತ್ತದೆ. ಆದರೆ ಅದು ಮಾತಾಡುವುದು ವಾಹನದ ಮಾಲಿಕನೊಡನೆ. ಅರ ಹಿಡಿದವನೊಡನೆ ಅಲ್ಲ. ರೇಸ್ ಟ್ರ್ಯಾಕಿನಲ್ಲಿ ಓಡುವವರೆಲ್ಲ ಅಪಾಯವನ್ನು ತಿಳಿದೇ ಇಳಿದವರು. ಊರಿನ ರಸ್ತೆಯಲ್ಲಿ ಹಾಲು ತರಲು ಹೊರಟ ಮುದುಕನನ್ನು ಯಾರು ಕೇಳಿದ್ದಾರೆ? 'ಎಕ್ಸಲೇಟರ್ ತಿರುಗಿಸುವುದು ಅವನ ಕೈ, ನನ್ನದಲ್ಲ' ಎಂಬ ಸಮಾಧಾನ ಆ ಮುದುಕನ ಎದುರು ನಿಂತು ಹೇಳಲಾಗದ ಮಾತು. ಆ ಕೈಗೆ ಎಷ್ಟು ವೇಗ ಸಿಗಬೇಕೆಂದು ಅಳೆದು ಉಜ್ಜಿದವನು ಮೆಕ್ಯಾನಿಕ್ ತಾನೇ?

"ಮೊದಲು ಬ್ರೇಕ್ ಮತ್ತು ಸೀಲ್ ಮಾಡೋಣ, ಪವರ್ ಮಾತು ಆಮೇಲೆ ನೋಡೋಣಪ್ಪ" ಎಂದರೆ ಹುಡುಗ ಪಕ್ಕದ ಬೀದಿಯ ಗ್ಯಾರೇಜಿಗೆ ಹೋದಾನು. ಅಲ್ಲಿ ಅವನಿಗೆ ಬೇಕಾದದ್ದು ಎರಡೇ ದಿನದಲ್ಲಿ ಆಗಿಬಿಡಬಹುದು. ಆ ತಿಂಗಳು ಅಂಗಡಿಯ ಬಾಡಿಗೆಗೆ ಬೇರೆಲ್ಲಾದರೂ ಕೈಚಾಚಬೇಕಾದೀತು.