ವಾಲಿದ ಗೋಡೆ ಮತ್ತು ಸವೆದ ಹಗ್ಗ

ಅವಘಡ ಸುದ್ದಿಯಾಗುತ್ತದೆ, ತಪ್ಪಿದ ಅವಘಡ ಸುದ್ದಿಯಾಗುವುದಿಲ್ಲ. ಹಗ್ಗ ಹರಿದು ಲಿಫ್ಟು ಕೆಳಗೆ ಬಿದ್ದರೆ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ, ಸರಕಾರ ಪರಿಹಾರ ಘೋಷಿಸುತ್ತದೆ, ನಾಲ್ಕು ದಿನ ಚರ್ಚೆ ನಡೆಯುತ್ತದೆ. ಅದೇ ಹಗ್ಗವನ್ನು ಮೂರು ವಾರ ಮೊದಲೇ ಒಬ್ಬ ಫಿಟ್ಟರ್ ಬಿಚ್ಚಿ ಬದಲಾಯಿಸಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಯಜಮಾನನೊಬ್ಬನಿಗೆ, ಅದೂ ಖರ್ಚಿನ ರೂಪದಲ್ಲಿ. ಯಂತ್ರ ಕೆಡುವ ಮೊದಲೇ ಅದನ್ನು ನೋಡಿಕೊಳ್ಳುವುದು ಎಂಜಿನಿಯರುಗಳಿಗೆ ಸೇರಿದ ವಿಷಯವೆಂದು ನಾವು ತಿಳಿದಿದ್ದೇವೆ. ಆದರೆ ಅದರೊಳಗೆ ಒಂದು ನೈತಿಕ ಪ್ರಶ್ನೆಯಿದೆ. ಇನ್ನೂ ಏನೂ ಆಗಿಲ್ಲದಿರುವಾಗ, ಯಾರಿಗೂ ಗಾಯವಾಗದಿರುವಾಗ, ಸುಮ್ಮನಿದ್ದವನು ತಪ್ಪಿತಸ್ಥನೇ?

ಪ್ರಶ್ನೆ ಗಾಳಿಯಲ್ಲಿ ನಿಲ್ಲದಿರಲೆಂದು ಅದನ್ನು ನಮ್ಮೂರಿಗೆ ತರೋಣ. ಕಲಬುರಗಿಯ ಹೊರವಲಯದಲ್ಲಿ ನಂದೂರ-ಕೆಸರಟಗಿ ಕೈಗಾರಿಕಾ ಪ್ರದೇಶವಿದೆ. ಇದು ತೊಗರಿಯ ಜಿಲ್ಲೆ. 2019ರಲ್ಲಿ ಇಲ್ಲಿನ ತೊಗರಿಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಬೇಳೆ ಮಾಡುವ ದಾಲ್ ಮಿಲ್ಲಿನೊಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ನೆಲದಿಂದ ಸೂರಿನವರೆಗೆ ನಿಂತ ಉದ್ದನೆಯ ತಗಡಿನ ಪೆಟ್ಟಿಗೆಗಳು. ಮಿಲ್ಲಿನವರು ಅವನ್ನು ಎಲಿವೇಟರ್ ಎನ್ನುತ್ತಾರೆ. ಮೇಲೊಂದು ಪುಲ್ಲಿ, ಕೆಳಗೊಂದು ಪುಲ್ಲಿ, ನಡುವೆ ತಿರುಗುವ ಬೆಲ್ಟು, ಬೆಲ್ಟಿಗೆ ಬೋಲ್ಟು ಹಾಕಿ ಬಿಗಿದ ಬಕೆಟ್ಟುಗಳ ಸಾಲು. ಕೆಳಗಿನ ಗುಂಡಿಗೆ ಸುರಿದ ಕಾಳು ಬಕೆಟ್ಟುಗಳಲ್ಲಿ ಏರಿ ಮೇಲಿನ ಯಂತ್ರಕ್ಕೆ ಬೀಳುತ್ತದೆ. ಹಿಂದೆ ತಲೆಯ ಮೇಲೆ ಚೀಲ ಹೊತ್ತು ಮೆಟ್ಟಿಲು ಹತ್ತುತ್ತಿದ್ದ ಕೆಲಸವನ್ನು ಈಗ ಇದು ಮಾಡುತ್ತದೆ.

ಈ ಯಂತ್ರ ಕೇಳುವ ಆರೈಕೆ ದೊಡ್ಡದಲ್ಲ. ಬೆಲ್ಟು ಸಡಿಲಾಗಿದೆಯೇ, ಒಂದು ಬದಿಗೆ ಸರಿದು ತಗಡಿಗೆ ಉಜ್ಜುತ್ತಿದೆಯೇ ನೋಡಬೇಕು. ಬಕೆಟ್ಟಿನ ಬೋಲ್ಟುಗಳನ್ನು ಬಿಗಿಮಾಡಬೇಕು. ಬೇರಿಂಗಿಗೆ ಗ್ರೀಸು ಹಾಕಬೇಕು, ಅದು ಬಿಸಿಯಾಗುತ್ತಿದೆಯೇ ಗಮನಿಸಬೇಕು. ಬೇಳೆಯ ಧೂಳು ತುಂಬಿದ ಜಾಗದಲ್ಲಿ ಕಾದ ಬೇರಿಂಗು ಬೆಂಕಿಗೆ ದಾರಿ. ಕೆಳಗಿನ ಗುಂಡಿಯಲ್ಲಿ ಕಾಳು ಕಟ್ಟಿಕೊಂಡರೆ ಮೋಟಾರು ನಿಲ್ಲಿಸಿ, ಮತ್ತೆ ಯಾರೂ ಸ್ವಿಚ್ಚು ಒತ್ತದಂತೆ ಬೀಗ ಹಾಕಿ, ಆಮೇಲೆ ಕೈಹಾಕಬೇಕು. ಇಷ್ಟಕ್ಕೆ ಬೇಕಾದುದು ವಾರಕ್ಕೊಂದು ಗಂಟೆ, ಆಗಾಗ ಒಂದು ಅರ್ಧ ದಿನ. ಆದರೆ ಆ ಅರ್ಧ ದಿನ ಸಿಗುವುದೇ ಕಷ್ಟ. ಸುಗ್ಗಿಯಲ್ಲಿ ಯಾವ ಮಿಲ್ಲಿನಲ್ಲಾದರೂ ಕೇಳಬಹುದಾದ ಮಾತು ಇದು:

"ಸಾವ್ಕಾರ್ರೆ, ಬೆಲ್ಟ್ ಸಡ್ಲ ಆಗ್ಯಾದ. ಒಂದ್ ಮಧ್ಯಾಹ್ನ ಬಂದ್ ಮಾಡ್ಬೇಕ್ರಿ."

"ಸುಗ್ಗಿ ಮುಗೀಲಿ ಮಿಸ್ತ್ರಿ. ಇಷ್ಟ್ ದಿನ ನಡದದ, ಇನ್ನೊಂದೆಂಟ್ ದಿನ ನಡೀತದ."

ಈ ಉತ್ತರದಲ್ಲಿ ಕೆಟ್ಟತನವಿಲ್ಲ. ಸಾಹುಕಾರ ಯಾರನ್ನೂ ಕೊಲ್ಲಬೇಕೆಂದು ಬಯಸಿದವನಲ್ಲ. ನಮಾಜಿಗೋ ಪೂಜೆಗೋ ತಪ್ಪದೆ ಹೋಗುವವನೇ ಇರಬಹುದು, ದಾನಧರ್ಮದಲ್ಲಿ ಮುಂದಿರಬಹುದು. ಹೆಚ್ಚಿನ ಸಲ ಆ ಎಂಟು ದಿನ ಸುಸೂತ್ರವಾಗಿ ಕಳೆದೂ ಹೋಗುತ್ತದೆ. ಆಗ ಅವನ ಮಾತೇ ಸರಿಯಾಯಿತೆಂದು ಎಲ್ಲರಿಗೂ ಅನ್ನಿಸುತ್ತದೆ, ಮಿಸ್ತ್ರಿಯ ಎಚ್ಚರಿಕೆ ಸುಮ್ಮನೆ ಹೆದರಿಕೆಯಂತೆ ಕಾಣುತ್ತದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದು ಗಾದೆ ನಗುತ್ತದೆ. ಆದರೆ ಕೊಳ್ಳೆಯೇ ಆಗದಿದ್ದರೆ ಬಾಗಿಲು ಹಾಕಿದವನನ್ನು ನೆನೆಯುವವರು ಯಾರು?

ಈ ಪ್ರಶ್ನೆಯನ್ನು ನಮ್ಮ ಹಿಂದಿನವರೂ ಎದುರಿಸಿದ್ದಾರೆ. ಹನಫಿ ಫಿಕ್‌ಹ್‌ನಲ್ಲಿ ವಾಲಿದ ಗೋಡೆಯ ಚರ್ಚೆ ಬರುತ್ತದೆ. 1197ರಲ್ಲಿ ತೀರಿಕೊಂಡ ಮರ್ಗೀನಾನಿಯವರ 'ಹಿದಾಯಾ'ದಲ್ಲೂ ಅದಿದೆ. ಒಬ್ಬನ ಗೋಡೆ ದಾರಿಯ ಕಡೆಗೆ ವಾಲಿದೆ ಎನ್ನೋಣ. ಅದು ಬಿದ್ದು ದಾರಿಹೋಕ ಸತ್ತರೆ ಹೊಣೆ ಯಾರದು? ಫುಕಹಾಗಳ ಉತ್ತರ ಹೀಗಿದೆ: ಗೋಡೆ ವಾಲಿದೆ, ಕೆಡವು ಎಂದು ಒಡೆಯನಿಗೆ ಯಾರಾದರೂ ಹೇಳಿದ್ದರೆ, ಕೆಡವಲು ಸಾಕಷ್ಟು ಸಮಯವಿದ್ದೂ ಅವನು ಕೆಡವದಿದ್ದರೆ, ನಷ್ಟಕ್ಕೆ ಅವನೇ ಬಾಧ್ಯ. ಅವನು ಗೋಡೆಯನ್ನು ತಳ್ಳಲಿಲ್ಲ, ಗೋಡೆ ತಾನಾಗಿ ಬಿತ್ತು ಎಂಬ ವಾದ ನಡೆಯುವುದಿಲ್ಲ. ಏನೂ ಮಾಡದಿರುವುದೂ ಒಂದು ಕೃತ್ಯವೇ ಎಂದು ಈ ನಿಯಮ ಎಂಟು ಶತಮಾನಗಳ ಹಿಂದೆಯೇ ಒಪ್ಪಿಕೊಂಡಿತ್ತು. ಎಚ್ಚರಿಕೆ ಸಿಕ್ಕಿದ ಕ್ಷಣದಿಂದ ಹೊಣೆ ಶುರು. ಗೋಡೆ ಬೀಳಲಿ, ಬೀಳದಿರಲಿ, ಕರ್ತವ್ಯ ಆಗಲೇ ಹುಟ್ಟಿದೆ.

ಇದಕ್ಕೂ ಮೊದಲು, 1058ರಲ್ಲಿ ತೀರಿಕೊಂಡ ಅಲ್ ಮಾವರ್ದಿ ರಾಜ್ಯಾಡಳಿತದ ಬಗ್ಗೆ ಬರೆದ ಗ್ರಂಥದಲ್ಲಿ ಮುಹ್ತಸಿಬ್ ಎಂಬ ಅಧಿಕಾರಿಯ ಕೆಲಸಗಳನ್ನು ಹೇಳುತ್ತಾರೆ. ಪೇಟೆಯ ತೂಕ, ಅಳತೆ ನೋಡುವುದು ಅವನ ಕೆಲಸವೆಂದು ನಾವು ಕೇಳಿದ್ದೇವೆ. ದೋಣಿಯವರು ತಡೆಯಲಾಗದಷ್ಟು ಭಾರ ಹೇರದಂತೆ, ಬಿರುಗಾಳಿಯಲ್ಲಿ ಹೊರಡದಂತೆ ತಡೆಯುವುದೂ ಅವನ ಕೆಲಸವೇ ಆಗಿತ್ತು. ದೋಣಿ ಮುಳುಗಿದ ಮೇಲೆ ವಿಚಾರಣೆ ಮಾಡುವುದಲ್ಲ, ದಡ ಬಿಡುವ ಮೊದಲೇ ತಡೆಯುವುದು. ಇಂದು ಲಿಫ್ಟಿನ ಮೇಲೆ ಬರೆಯುವ 'ಇಷ್ಟು ಕಿಲೋಗಿಂತ ಹೆಚ್ಚು ಹೇರಬಾರದು' ಎಂಬ ಸಾಲಿನ ಹಿಂದೆ ಇರುವ ವಿವೇಕ ಇದೇ.

ಆದರೆ ಗೋಡೆಗೂ ಯಂತ್ರಕ್ಕೂ ಒಂದು ವ್ಯತ್ಯಾಸವಿದೆ. ಗೋಡೆ ವಾಲಿದ್ದು ದಾರಿಯಲ್ಲಿ ಹೋಗುವ ಎಲ್ಲರಿಗೂ ಕಾಣುತ್ತದೆ. ಹಗ್ಗದ ಒಳಗಿನ ತಂತಿ ತುಂಡಾದದ್ದು, ಬೇರಿಂಗು ಸವೆದದ್ದು ದಾರಿಹೋಕನಿಗೆ ಕಾಣುವುದಿಲ್ಲ. ಅದರಲ್ಲಿ ಏರುವ ಕೂಲಿಗೂ ಕಾಣುವುದಿಲ್ಲ. ಹುಡುಕಿ ನೋಡಿದವನಿಗೆ ಮಾತ್ರ ಕಾಣುತ್ತದೆ. 2022ರ ಸೆಪ್ಟೆಂಬರ್ 14ರಂದು ಅಹಮದಾಬಾದಿನಲ್ಲಿ ಕಟ್ಟುತ್ತಿದ್ದ ಕಟ್ಟಡದ ಲಿಫ್ಟು ಕುಸಿದು 7 ಕಾರ್ಮಿಕರು ಸತ್ತರು. ಮರುವರ್ಷ ಸೆಪ್ಟೆಂಬರ್ 10ರಂದು ಠಾಣೆಯಲ್ಲಿ 40 ಅಂತಸ್ತಿನ ಕಟ್ಟಡವೊಂದರಲ್ಲಿ ಅಂಥದೇ ಲಿಫ್ಟು ಬಿದ್ದು ಮತ್ತೆ 7 ಮಂದಿ ಹೋದರು. ಆಧಾರದ ಕೇಬಲ್ಲು ತುಂಡಾಯಿತೆಂದು ಅಂದಿನ ಮೊದಲ ವರದಿಗಳು ಹೇಳಿದವು. ಅದೇ 2023ರ ಡಿಸೆಂಬರ್ 4ರಂದು ನಮ್ಮ ಪಕ್ಕದ ವಿಜಯಪುರದಲ್ಲಿ, ಮೆಕ್ಕೆಜೋಳದ ಘಟಕವೊಂದರಲ್ಲಿ ಕಾಳು ತುಂಬಿದ ವ್ಯವಸ್ಥೆ ಕುಸಿದು ರಾಶಿಯಡಿ ಸಿಕ್ಕಿದ ಬಿಹಾರದ 7 ಕೂಲಿಗಳು ಪ್ರಾಣ ಬಿಟ್ಟರು. ಹೊಟ್ಟೆಪಾಡಿಗೆ ನೂರಾರು ಮೈಲಿ ದೂರದಿಂದ ಬಂದವರು ತಮ್ಮ ತಲೆಯ ಮೇಲೆ ಇರುವುದು ಗಟ್ಟಿಯಾಗಿದೆಯೇ ಎಂದು ಯಾರನ್ನು ಕೇಳಬೇಕಿತ್ತು?

ವಾಲಿದ ಗೋಡೆಯ ನಿಯಮವನ್ನು ಅಕ್ಷರಶಃ ಹಿಡಿದರೆ ಇಲ್ಲೊಂದು ಸಂದು ಉಳಿಯುತ್ತದೆ. ಎಚ್ಚರಿಕೆ ಸಿಕ್ಕಿದವನಿಗೆ ಹೊಣೆ ಎಂದಾದರೆ, ಎಚ್ಚರಿಕೆಯೇ ಸಿಗದಂತೆ ನೋಡಿಕೊಳ್ಳುವವನು ಜಾಣನಾಗಿಬಿಡುತ್ತಾನೆ. "ಬರೆದು ಕೊಡಬೇಡ, ಬಾಯಲ್ಲಿ ಹೇಳು" ಎನ್ನುವ ಯಜಮಾನ, ಯಂತ್ರ ನೋಡದೆಯೇ ಸಹಿ ಹಾಕುವ ಪರೀಕ್ಷಕ, ಕೆಲಸವನ್ನು ಗುತ್ತಿಗೆದಾರನಿಗೆ, ಅವನಿಂದ ಉಪಗುತ್ತಿಗೆದಾರನಿಗೆ ದಾಟಿಸಿ 'ನನಗೆ ಗೊತ್ತೇ ಇರಲಿಲ್ಲ' ಎನ್ನುವ ಬಿಲ್ಡರ್, ಇವರೆಲ್ಲ ಅಜ್ಞಾನವನ್ನು ದುಡ್ಡು ಕೊಟ್ಟು ಕೊಂಡವರು. ಹಾಗಾಗಿ ಯಂತ್ರದ ಕಾಲದಲ್ಲಿ ಆ ಹಳೆಯ ನಿಯಮವನ್ನು ಒಂದು ಹೆಜ್ಜೆ ಮುಂದೆ ಒಯ್ಯಬೇಕಾಗುತ್ತದೆ. ಎಚ್ಚರಿಸಿದಾಗ ಕೇಳುವುದಷ್ಟೇ ಸಾಲದು. ತೂಗುವ ಭಾರದ ಕೆಳಗೆ ಇನ್ನೊಬ್ಬನನ್ನು ನಿಲ್ಲಿಸಿದವನು ಎಚ್ಚರಿಕೆಯನ್ನು ತಾನೇ ಹುಡುಕಿಕೊಂಡು ಹೋಗಬೇಕು. ಗೊತ್ತಿರಲಿಲ್ಲ ಎಂಬುದು ಅವನಿಗೆ ನೆಪವಾಗಬಾರದು, ಏಕೆಂದರೆ ಗೊತ್ತುಮಾಡಿಕೊಳ್ಳುವುದೇ ಅವನ ಮೇಲಿನ ಅಮಾನತ್.

ಕಾನೂನು ಇಲ್ಲವೇ ಎಂದು ಕೇಳಬಹುದು. 1948ರ ಕಾರ್ಖಾನೆ ಕಾಯ್ದೆಯ 28ನೇ ಸೆಕ್ಷನ್, ಕಾರ್ಖಾನೆಯ ಪ್ರತಿ ಲಿಫ್ಟನ್ನೂ 6 ತಿಂಗಳಿಗೊಮ್ಮೆಯಾದರೂ ಅರ್ಹ ವ್ಯಕ್ತಿ ಕೂಲಂಕಷವಾಗಿ ಪರೀಕ್ಷಿಸಬೇಕು, ಅದಕ್ಕೊಂದು ರಿಜಿಸ್ಟರ್ ಇಡಬೇಕು ಎಂದಿತ್ತು. ಆದರೆ ಅದೇ ಸೆಕ್ಷನ್ನಿನ ವಿವರಣೆಯ ಪ್ರಕಾರ, ಗೈಡುಗಳ ನಡುವೆ ಚಲಿಸುವ ಪಂಜರವೋ ಹಲಗೆಯೋ ಇದ್ದರಷ್ಟೇ ಅದು ಲಿಫ್ಟು. ಅಂದರೆ ದಾಲ್ ಮಿಲ್ಲಿನ ಬಕೆಟ್ ಎಲಿವೇಟರು ಆ ಕಣ್ಣಿಗೆ ಲಿಫ್ಟೇ ಅಲ್ಲ. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಬಂದಿದೆ. ಅದರಲ್ಲಿ, ವಿದ್ಯುತ್ ಬಳಸುವ ಘಟಕ ಕಾರ್ಖಾನೆ ಎನ್ನಿಸಿಕೊಳ್ಳಲು ಬೇಕಾದ ಕಾರ್ಮಿಕರ ಸಂಖ್ಯೆ 10ರಿಂದ 20ಕ್ಕೆ ಏರಿದೆ. ಕಾನೂನಿನ ಬಲೆಯ ಕಣ್ಣು ಎಷ್ಟೇ ಸಣ್ಣದಿದ್ದರೂ ನುಸುಳುವ ಮೀನು ಇದ್ದೇ ಇರುತ್ತದೆ. ಆದರೆ ಸಡಿಲಾದ ಬೆಲ್ಟಿಗೆ ಮಿಲ್ಲಿನಲ್ಲಿ ಎಷ್ಟು ಜನರಿದ್ದಾರೆಂಬ ಲೆಕ್ಕ ಗೊತ್ತಿಲ್ಲ. ಕಾನೂನು ಬಿಟ್ಟ ಜಾಗದಲ್ಲೇ ಈಮಾನಿನ, ಆತ್ಮಸಾಕ್ಷಿಯ ಕೆಲಸ ಶುರುವಾಗುತ್ತದೆ.

ಇನ್ನು ತಕ್ದೀರ್. ಅವಘಡವಾದ ಮನೆಗೆ ಹೋದವರು 'ಅಲ್ಲಾಹನ ಮರ್ಜಿ' ಎನ್ನುತ್ತಾರೆ, 'ಹಣೆಬರಹ' ಎನ್ನುತ್ತಾರೆ. ಮಗನನ್ನು ಕಳೆದುಕೊಂಡ ತಾಯಿ ಆ ಮಾತನ್ನು ಆಡಿದರೆ ಅದು ಸಬ್ರ್. ಅದೇ ಮಾತು ಹಗ್ಗ ಬದಲಾಯಿಸದವನ ಬಾಯಿಂದ ಬಂದರೆ ಅದು ಜಾರಿಕೊಳ್ಳುವುದು. ಮಾತು ಒಂದೇ, ಆಡುವವನು ಬದಲಾದಾಗ ಅರ್ಥವೂ ಬದಲಾಗುತ್ತದೆ. ಖಲೀಫಾ ಉಮರ್ ಸಿರಿಯಾಕ್ಕೆ ಹೊರಟಿದ್ದಾಗ ಮುಂದೆ ಪ್ಲೇಗು ಹಬ್ಬಿದೆಯೆಂದು ತಿಳಿದು ಜನರೊಂದಿಗೆ ಹಿಂದಿರುಗಲು ನಿರ್ಧರಿಸಿದರು. ದೇವರ ವಿಧಿಯಿಂದ ಓಡುತ್ತೀರಾ ಎಂದು ಅಬೂ ಉಬೈದಾ ಕೇಳಿದಾಗ, ಒಂದು ವಿಧಿಯಿಂದ ದೇವರದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬ ಅರ್ಥದ ಉತ್ತರ ಕೊಟ್ಟರು. ಒಂಟೆಯನ್ನು ಕಟ್ಟಿ ತವಕ್ಕುಲ್ ಮಾಡಬೇಕೋ, ಬಿಟ್ಟು ಮಾಡಬೇಕೋ ಎಂದು ಕೇಳಿದವನಿಗೆ ಪ್ರವಾದಿಯವರು ಕಟ್ಟಿದ ಮೇಲೆ ತವಕ್ಕುಲ್ ಎಂದು ತಿಳಿಹೇಳಿದ್ದನ್ನು ಮದರಸಾದ ಮಕ್ಕಳೂ ಬಲ್ಲರು. ಬೋಲ್ಟು ಬಿಗಿಮಾಡದೆ ಇಟ್ಟ ಭರವಸೆಗೆ ತವಕ್ಕುಲ್ ಎನ್ನಲಾಗದು. ಅದಕ್ಕೆ ನಮ್ಮ ದಖನಿಯಲ್ಲಿ ಬೇರೆ ಹೆಸರಿದೆ: 'ಚಲ್ತಾ ಹೈ.'

ಒಂದು ತೊಡಕನ್ನು ಮುಚ್ಚಿಡಬಾರದು. ಯಂತ್ರ ನಿಂತರೆ ಸಾಹುಕಾರನಿಗೆ ಮಾತ್ರ ನಷ್ಟವಲ್ಲ. ಚೀಲದ ಲೆಕ್ಕದಲ್ಲಿ ಕೂಲಿ ಪಡೆಯುವ ಹಮಾಲನಿಗೆ ನಿಂತ ಅರ್ಧ ದಿನವೆಂದರೆ ಸಂಜೆಯ ಸಂತೆ ಇಲ್ಲ. ಆದ್ದರಿಂದ ಎಷ್ಟೋ ಸಲ 'ನಿಲ್ಲಿಸಬೇಡ, ನಡೀಲಿ' ಎನ್ನುವವರು ಕೂಲಿಗಳೇ ಆಗಿರುತ್ತಾರೆ. ಗುಂಡಿಯಲ್ಲಿ ಕಾಳು ಕಟ್ಟಿದಾಗ ಮೋಟಾರು ನಿಲ್ಲಿಸದೆ ಕೈಹಾಕುವವನೂ ಅವನೇ. ಅದನ್ನು ಕಂಡು 'ಇವರಿಗೇ ಜೀವದ ಮೇಲೆ ಆಸೆಯಿಲ್ಲ' ಎಂದುಬಿಡುವುದು ಸುಲಭ. ಹಸಿವು ಮತ್ತು ಅಪಾಯದ ನಡುವೆ ಅವನಿಗೆ ಆಯ್ಕೆ ಕೊಟ್ಟವರು ಯಾರು? ದುರಸ್ತಿಗೆ ನಿಂತ ಹೊತ್ತಿನ ಕೂಲಿಯನ್ನು ಕೊಡದವರೆಗೆ ಸುರಕ್ಷತೆಯ ಉಪದೇಶ ಬಡವನ ಜೇಬಿನಿಂದ ಮಾಡಿದ ದಾನದಂತೆ. ಗ್ರೀಸು, ಬೋಲ್ಟು, ಹೊಸ ಹಗ್ಗದ ಜೊತೆಗೆ ಆ ಅರ್ಧ ದಿನದ ಕೂಲಿಯೂ ಆರೈಕೆಯ ಖರ್ಚಿನಲ್ಲೇ ಸೇರಬೇಕು. ಲಾಭ ಮೇಲೆ ಹೋಗಿ ಅಪಾಯ ಕೆಳಗೆ ಉಳಿಯುವ ವ್ಯವಸ್ಥೆಗೆ ಎಷ್ಟು ಎಣ್ಣೆ ಹಾಕಿದರೂ ಅದು ನ್ಯಾಯದ ಯಂತ್ರವಾಗುವುದಿಲ್ಲ.

1854ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ಎಲಿಷಾ ಓಟಿಸ್ ತಾನು ನಿಂತ ಲಿಫ್ಟಿನ ಹಗ್ಗವನ್ನು ಎಲ್ಲರೆದುರು ಕತ್ತರಿಸಲು ಹೇಳಿ ತೋರಿಸಿದ. ಸುರಕ್ಷಾ ಹಿಡಿಕೆ ಕಚ್ಚಿಕೊಂಡಿತು, ಲಿಫ್ಟು ಬೀಳಲಿಲ್ಲ. ಆ ದೃಶ್ಯದಿಂದ ಜಗತ್ತು ಎತ್ತರದ ಕಟ್ಟಡಗಳಿಗೆ ಧೈರ್ಯ ತಂದುಕೊಂಡಿತು. ಅದರಲ್ಲಿ ನಾವು ಕಲಿಯಬೇಕಾದ ಇನ್ನೊಂದು ಪಾಠವೂ ಇದೆ: ಅಂದು ಹಗ್ಗ ಕತ್ತರಿಸಿದಾಗ ಲಿಫ್ಟಿನೊಳಗೆ ನಿಂತವನು ಅದನ್ನು ಮಾಡಿದವನೇ. ನಮ್ಮ ಕಟ್ಟಡಗಳಲ್ಲಿ, ಮಿಲ್ಲುಗಳಲ್ಲಿ ನಿಲ್ಲುವವನು ಬೇರೆ, ತೀರ್ಮಾನ ಮಾಡುವವನು ಬೇರೆ. ಆ ಸುರಕ್ಷಾ ಹಿಡಿಕೆಗೂ ತುಕ್ಕು ಹಿಡಿಯುತ್ತದೆ, ಅದನ್ನೂ ಯಾರಾದರೂ ನೋಡುತ್ತಿರಬೇಕು.

ಹಾಗಾದರೆ ಮೊದಲ ಪ್ರಶ್ನೆಗೆ ಉತ್ತರ? ಏನೂ ಆಗದಿದ್ದರೂ ಸುಮ್ಮನಿದ್ದವನು ತಪ್ಪಿತಸ್ಥನೇ. ಅವಘಡ ತಪ್ಪಿದ್ದು ದೇವರ ಕರುಣೆ, ಅವನ ನಿರ್ದೋಷಕ್ಕೆ ಸಾಕ್ಷಿಯಲ್ಲ. ಹಾಗೆಯೇ, ವಾರವಾರವೂ ಟಾರ್ಚು ಹಿಡಿದು ಪುಲ್ಲಿಯ ಹತ್ತಿರ ಹತ್ತಿ ನೋಡುವ ಮಿಸ್ತ್ರಿ ಯಾರ ಜೀವ ಉಳಿಸಿದನೆಂದು ಯಾವ ದಫ್ತರಿನಲ್ಲೂ ಬರೆದಿಲ್ಲ. ಉಳಿದವರಿಗೂ ಅದು ಗೊತ್ತಿಲ್ಲ. ಅವನ ಪುಣ್ಯದ ಲೆಕ್ಕ ದೇವರ ಬಳಿ ಇದೆ. ನಮ್ಮ ಬಳಿ ಇರುವುದು ಸಣ್ಣ ಕೆಲಸ. ಅವನ ಮಾತನ್ನು ಬರೆದಿಡಲು ಒಂದು ರಿಜಿಸ್ಟರು, 'ಇವತ್ತು ಯಂತ್ರ ಬಂದ್' ಎನ್ನುವ ಅಧಿಕಾರ, ಬಂದ್ ಆದ ಹೊತ್ತಿಗೆ ಎಲ್ಲರಿಗೂ ಕೂಲಿ. ಮುಂದಿನ ಸುಗ್ಗಿಗೆ ಮೊದಲೇ ಇಷ್ಟನ್ನು ಮಾಡಬಹುದು.